ಕೂಪನ್ ಜೊತೆ ಹೋದ ಚೌಕ: 1943ರ ಗೂಢಚಾರಿ ಕಾಮಿಕ್ಸ್ ಒಂದರ ರಿಪೇರಿ ದಿನಚರಿ

ಲಕೋಟೆಯ ತಳದಲ್ಲಿ ಅರ್ಧ ಚಮಚದಷ್ಟು ಕಂದು ಪುಡಿ ಸೇರಿಕೊಂಡಿತ್ತು. ಎಂಬತ್ತು ವರ್ಷ ದಾಟಿದ ನ್ಯೂಸ್‌ಪ್ರಿಂಟ್ ಅಂಚಿನಿಂದ ಉದುರುವುದು ಹೀಗೆಯೇ. ಅದನ್ನು ಚೆಲ್ಲದೆ ಕಾಗದದ ಪೊಟ್ಟಣ ಕಟ್ಟಿ, ಮೇಲೆ ತಾರೀಖು ಬರೆದಿಟ್ಟೆ. ಇಂಥ ಪುಡಿಯಲ್ಲಿ ಒಮ್ಮೊಮ್ಮೆ ಅಕ್ಷರವಿರುವ ಚೂರು ಸಿಗುವುದುಂಟು.

ಬಂದದ್ದು ಅಮೆರಿಕದ ಹಾರ್ವೆ ಪ್ರಕಾಶನದ ‘ಸ್ಪೀಡ್ ಕಾಮಿಕ್ಸ್’, 1943ರ ಒಂದು ಸಂಚಿಕೆ. ಗೆಳೆಯನದು. ಅದರಲ್ಲಿ ಹಲವು ಕಥೆಗಳಿದ್ದರೂ ನಮ್ಮಿಬ್ಬರಿಗೂ ಬೇಕಿದ್ದದ್ದು ‘ಬ್ಲ್ಯಾಕ್ ಕ್ಯಾಟ್’ ಒಂದೇ. ಲಿಂಡಾ ಟರ್ನರ್ ಎಂಬ ಹಾಲಿವುಡ್ ತಾರೆ, ಹಿಂದೆ ಸ್ಟಂಟ್ ಮಾಡುತ್ತಿದ್ದವಳು, ತನ್ನ ಚಿತ್ರದ ನಿರ್ದೇಶಕನೇ ನಾಜಿ ಗೂಢಚಾರನಿರಬೇಕೆಂದು ಅನುಮಾನ ಬಂದು ಮುಖವಾಡ ಧರಿಸಿ ಪತ್ತೆಗೆ ಇಳಿಯುತ್ತಾಳೆ. ಇದು ಶುರುವಾದದ್ದು 1941ರ ಆಗಸ್ಟ್ ತಿಂಗಳ ‘ಪಾಕೆಟ್ ಕಾಮಿಕ್ಸ್’ನಲ್ಲಿ. ಅಮೆರಿಕವನ್ನು ಎರಡನೆಯ ಮಹಾಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ಬಾಂಬು ದಾಳಿ ನಡೆದದ್ದು ಅದೇ ವರ್ಷದ ಡಿಸೆಂಬರ್ 7ರಂದು. ಅಂದರೆ ತನ್ನ ದೇಶ ಯುದ್ಧಕ್ಕೆ ಇಳಿಯುವ ಮುನ್ನವೇ ಈಕೆ ಇಳಿದಿದ್ದಳು. ಜೇಬಿಗೆ ಹಿಡಿಸುವಷ್ಟು ಪುಟ್ಟದಾಗಿದ್ದ ಆ ಪತ್ರಿಕೆ ನಾಲ್ಕೇ ಸಂಚಿಕೆಗೆ ನಿಂತುಹೋಯಿತು. 1942ರಲ್ಲಿ ಲಿಂಡಾ ಸ್ಪೀಡ್ ಕಾಮಿಕ್ಸ್‌ಗೆ ಬಂದಳು. ಅವಳಿಗೆ ಹಾರಲು ಬರುವುದಿಲ್ಲ, ಗುಂಡು ತಗುಲಿದರೆ ಗಾಯವಾಗುತ್ತದೆ. ಸ್ಟಂಟ್‌ನಲ್ಲಿ ಕಲಿತ ಮೈಚಳಕ, ನಟನೆಯಲ್ಲಿ ಕಲಿತ ವೇಷ, ಚುರುಕಾದ ಕಣ್ಣು, ಇಷ್ಟನ್ನೇ ನಂಬಿ ಶತ್ರುವಿನ ಕೋಣೆಗೆ ಕಾಲಿಡುತ್ತಾಳೆ. ಆ ಕಾಲದ ಮುಖವಾಡದ ನಾಯಕರಲ್ಲಿ ನನಗೆ ಇವಳಷ್ಟು ಹತ್ತಿರದವರು ಬೇರೆ ಯಾರೂ ಇಲ್ಲ.

ಆ ವರ್ಷಗಳಲ್ಲಿ ಇಂಥ ಹೆಣ್ಣುಗಳು ಹಲವರು ಬಂದರು. ಟಾರ್ಪೆ ಮಿಲ್ಸ್ 1941ರ ಏಪ್ರಿಲ್‌ನಲ್ಲಿ ಮುಖವಾಡದ ನಾಯಕಿಯ ಕಾಮಿಕ್ಸ್ ‘ಮಿಸ್ ಫ್ಯೂರಿ’ ಶುರುಮಾಡಿದಾಗ, ಬರೆದು ಚಿತ್ರಿಸುತ್ತಿರುವುದು ಹೆಂಗಸು ಎಂದು ಓದುಗರಿಗೆ ತಿಳಿಯದಿರಲಿ ಎಂದೇ ಜೂನ್ ಎಂಬ ತನ್ನ ಮೊದಲ ಹೆಸರನ್ನು ಬಿಟ್ಟಿದ್ದರು. ಗಂಡಸರು ಸೈನ್ಯಕ್ಕೆ ಹೋಗಿ ಚಿತ್ರಶಾಲೆಗಳ ಮೇಜು ಖಾಲಿಯಾದಾಗ ಇನ್ನೂ ಕೆಲವು ಹೆಂಗಸರಿಗೆ ಕೆಲಸ ಸಿಕ್ಕಿತು. ನಾಜಿಗಳ ಕೈಯಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಇಂಗ್ಲೆಂಡಿಗೆ, ಅಲ್ಲಿಂದ ನ್ಯೂಯಾರ್ಕಿಗೆ ಬಂದ ಲಿಲಿ ರೆನೆ ಅಲ್ಲಿ ಕೂತು ನಾಜಿಗಳನ್ನು ಸದೆಬಡಿಯುವ ಗೂಢಚಾರಿಣಿ ‘ಸೆನ್ಯೋರಿಟಾ ರಿಯೋ’ಳನ್ನು ಚಿತ್ರಿಸಿದರು. ಈ ಹಾಳೆಗಳನ್ನು ಕೈಯಲ್ಲಿ ಹಿಡಿದಾಗ ನನಗೆ ಅದು ನೆನಪಾಗದೆ ಇರುವುದಿಲ್ಲ.

ಮೊದಲ ದಿನ. ಏನನ್ನೂ ರಿಪೇರಿ ಮಾಡಲಿಲ್ಲ. ಪ್ರತಿ ಪುಟದ ಫೋಟೋ ತೆಗೆದೆ. ಒಮ್ಮೆ ನೇರ ಬೆಳಕಿನಲ್ಲಿ, ಒಮ್ಮೆ ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆ ಬೆಳಕಿನಲ್ಲಿ. ಓರೆ ಬೆಳಕಿನಲ್ಲಿ ಮಡಿಕೆ, ಉಬ್ಬು, ಹಳೆಯ ಅಂಟಿನ ದಪ್ಪ ಎಲ್ಲ ಎದ್ದು ಕಾಣುತ್ತವೆ. ಬೆನ್ನಿನ ಮಡಿಕೆ ಕೆಳಗಿನಿಂದ ಮೂರು ಬೆರಳಿನಷ್ಟು ಸೀಳಿತ್ತು, ಅದರ ಮೇಲೆ ಕಂದಾದ ಸೆಲೋಟೇಪ್. ಎರಡು ಸ್ಟೇಪ್ಲರ್ ಪಿನ್ನುಗಳೂ ತುಕ್ಕು ಹಿಡಿದು ಸುತ್ತಲ ಕಾಗದವನ್ನು ತಿಂದಿದ್ದವು. ನಡುವಿನ ಜೋಡಿ ಹಾಳೆ ಕಳಚಿಕೊಂಡಿತ್ತು. ಒಳಗೆ ಏಳು ಹರಕುಗಳು. ಬ್ಲ್ಯಾಕ್ ಕ್ಯಾಟ್ ಕಥೆಯ ಒಂದು ಹಾಳೆಯಲ್ಲಿ ಆಯತಾಕಾರದ ತೂತು.

ಆ ತೂತು ಹರಿದು ಆದದ್ದಲ್ಲ. ಹಾಳೆಯ ಇನ್ನೊಂದು ಮಗ್ಗುಲಿಗೆ ಅಂಚೆಯಲ್ಲಿ ಸಾಮಾನು ತರಿಸಿಕೊಳ್ಳುವ ಜಾಹೀರಾತಿತ್ತು. ಅದರ ಮೂಲೆಯ ಕೂಪನ್ನನ್ನು ಯಾರೋ ಮೊಂಡು ಕತ್ತರಿಯಿಂದ ಕತ್ತರಿಸಿ ಕಳಿಸಿದ್ದಾರೆ. ಕೂಪನ್ ಹೋದಾಗ ಅದರ ಬೆನ್ನಿಗಿದ್ದ ಕಥೆಯ ಒಂದು ಚೌಕವೂ ಹೋಯಿತು. ಉಳಿದಿರುವುದು ಲಿಂಡಾಳ ಕೈಗವಸಿನ ತುದಿ ಮತ್ತು ಮಾತಿನ ಗುಳ್ಳೆಯ ಬಾಲ.

ಎರಡನೆಯ ದಿನ ನೇರಳಾತೀತ ದೀಪ. 365 ನ್ಯಾನೋಮೀಟರಿನ ಚಿಕ್ಕ ಟಾರ್ಚು, ಕಣ್ಣಿಗೆ ರಕ್ಷಣೆಯ ಕನ್ನಡಕ, ಕೋಣೆ ಪೂರ್ತಿ ಕತ್ತಲು. ಕಾಗದವನ್ನು ಬೆಳ್ಳಗೆ ಕಾಣಿಸುವ ಹೊಳಪಿನ ರಾಸಾಯನಿಕಗಳು ಕಾಗದಕ್ಕೆ ಸೇರತೊಡಗಿದ್ದು ಸುಮಾರು 1950ರ ಹೊತ್ತಿಗೆ. ಹಾಗಾಗಿ ಯುದ್ಧಕಾಲದ ಕಾಗದ ಈ ಬೆಳಕಿನಲ್ಲಿ ಮಂಕಾಗಿ ಉಳಿಯಬೇಕು. ಒಳಪುಟಗಳೆಲ್ಲ ಹಾಗೆಯೇ ಇದ್ದವು. ಮುಖಪುಟದ ಕೆಳಗಿನ ಬಲಮೂಲೆ ಮಾತ್ರ ಬೆಳದಿಂಗಳು ಬಿದ್ದಂತೆ ನೀಲಿಬಿಳುಪಾಗಿ ಹೊಳೆಯಿತು. ಸುಮಾರು ಎರಡು ಸೆಂಟಿಮೀಟರಿನ ಒಂದು ತ್ರಿಕೋನ. ಬೇರೆ ಕಾಗದವನ್ನು ಅಂಟಿಸಿ, ಮೇಲೆ ಸ್ಕೆಚ್ ಪೆನ್ನಿನಿಂದ ಕೆಂಪು ಹಚ್ಚಿ, ಹಳೆಯದಾಗಿ ಕಾಣಲೆಂದು ಉಜ್ಜಿದ್ದಾರೆ. ಹಗಲ ಬೆಳಕಿನಲ್ಲಿ ನಾನು ಎರಡು ಸಲ ನೋಡಿಯೂ ಅದನ್ನು ಗುರುತಿಸಿರಲಿಲ್ಲ.

ಅದನ್ನು ಕಂಡು ನನಗೆ ನಿಜಕ್ಕೂ ಬೇಸರವಾಯಿತು. ಹರಿದ ಮೂಲೆಗೆ ತೇಪೆ ಹಾಕುವುದರಲ್ಲಿ ತಪ್ಪಿಲ್ಲ. ಅದು ತೇಪೆ ಎಂದು ಮುಂದಿನವರಿಗೆ ತಿಳಿಯದಂತೆ ಮಾಡುವುದರಲ್ಲಿ ಇದೆ. ಈ ಕೆಲಸದಲ್ಲಿ ನಾನು ಹಟ ಹಿಡಿಯುವುದು ಇದೊಂದಕ್ಕೇ. ಸಂಗ್ರಾಹಕರ ಲೋಕದಲ್ಲೂ ಈ ಲೆಕ್ಕವಿದೆ: ದರ್ಜೆ ಕೊಡುವ ಸಿಜಿಸಿ ಸಂಸ್ಥೆ ಬಣ್ಣ ಹಚ್ಚಿ ಪುನಃ ರೂಪಿಸಿದ ಪ್ರತಿಗಳನ್ನು ನೇರಳೆ ಲೇಬಲ್ ಹಚ್ಚಿ ಬೇರೆಯೇ ಇಡುತ್ತದೆ.

ಮೂರನೆಯ ದಿನ ಒಣ ಶುಚಿ. ಮೆತ್ತನೆಯ ಅಗಲ ಕುಂಚದಿಂದ ಮಡಿಕೆಯ ಒಳಗಿನಿಂದ ಹೊರಕ್ಕೆ ಗುಡಿಸಿದೆ. ಮುಖಪುಟಕ್ಕೆ ಮಸಿ ಒರೆಸುವ ರಬ್ಬರ್ ಸ್ಪಂಜು, ಉಜ್ಜದೆ ಬರೀ ಒತ್ತುತ್ತಾ. ಒಳಪುಟಗಳಿಗೆ ಕುಂಚವೇ ಸಾಕು ಎಂದು ನಿಲ್ಲಿಸಿದೆ. ಈ ಕಾಗದ ಮರವನ್ನು ಅರೆದು ಮಾಡಿದ್ದು. ಮರದ ನಾರುಗಳನ್ನು ಬಿಗಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಅದರಲ್ಲೇ ಉಳಿದಿರುತ್ತದೆ. ಜೊತೆಗೆ ಆ ಕಾಲದ ಕಾಗದಗಳಿಗೆ ಶಾಯಿ ಹರಡದಿರಲೆಂದು ರಾಳ ಮತ್ತು ಪಟಿಕ (ಆಲಂ) ಸೇರಿಸುವುದೂ ಇತ್ತು. ಗಾಳಿ ಬೆಳಕು ತಾಗಿದ ಹಾಗೆಲ್ಲ ಆಮ್ಲ ಹುಟ್ಟಿ ನಾರನ್ನು ತುಂಡುತುಂಡು ಮಾಡುತ್ತದೆ. ಅದಕ್ಕೇ ಅಂಚು ಕಡುಕಂದು, ಬೆನ್ನಿನ ಹತ್ತಿರ ಇನ್ನೂ ಕೆನೆಬಣ್ಣ.

ನಾಲ್ಕನೆಯ ದಿನ ಪಿನ್ನುಗಳು. ಪಿನ್ ಕೀಳುವ ಉಪಕರಣ ಇಲ್ಲಿ ಬೇಡ. ಅದು ಕಾಗದವನ್ನು ಹಿಡಿದೇ ಎಳೆಯುತ್ತದೆ. ನಡುಪುಟದ ಕಡೆಯಿಂದ ಪಿನ್ನಿನ ಕಾಲಿನ ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ, ಅದರ ಮೇಲೆ ಚಪ್ಪಟೆ ಉಕ್ಕಿನ ಕಡ್ಡಿ ಆನಿಸಿ, ಒಂದೊಂದು ಕಾಲನ್ನೂ ನೇರವಾಗುವವರೆಗೆ ಎತ್ತಬೇಕು. ಆಮೇಲೆ ಪುಸ್ತಕ ತಿರುಗಿಸಿ ಬೆನ್ನಿನ ಕಡೆಯಿಂದ ಮೆಲ್ಲಗೆ ಹೊರಕ್ಕೆ. ಮೇಲಿನ ಪಿನ್ನು ಹಾಗೆಯೇ ಬಂತು. ಕೆಳಗಿನದರ ಒಂದು ಕಾಲು ಅರ್ಧದಲ್ಲೇ ಮುರಿದು, ತುಕ್ಕಿನ ಚೂರು ಕಾಗದಕ್ಕೆ ಗೀರು ಹಾಕಿತು. ನಾಲ್ಕು ಮಿಲಿಮೀಟರ್. ನಾನು ಮಾಡಿದ ಗೀರು ಅದು. ದಾಖಲೆಯಲ್ಲಿ ಹಾಗೆಯೇ ಬರೆದಿದ್ದೇನೆ.

ಪಿನ್ನು ಹೋದಮೇಲೆ ಹಾಳೆಗಳು ಒಂದೊಂದಾಗಿ ಬಿಡಿಸಿಕೊಂಡವು. ಒಂದರೊಳಗೊಂದು ಮಡಚಿ ಸೇರಿಸಿದ ಜೋಡಿ ಹಾಳೆಗಳಾದ್ದರಿಂದ ಮೊದಲ ಪುಟಗಳೂ ಕೊನೆಯ ಪುಟಗಳೂ ಒಂದೇ ಕಾಗದದ ಎರಡು ರೆಕ್ಕೆಗಳು. ಬಿಚ್ಚುವ ಮುಂಚೆ ಮಡಿಕೆಯ ಒಳಗೆ ಮೆತ್ತನೆಯ ಪೆನ್ಸಿಲಿನಲ್ಲಿ ಸಣ್ಣ ಅಂಕಿ ಹಾಕಿಕೊಂಡಿದ್ದೆ. ಯುದ್ಧದ ಮೊದಲು ಇಂಥ ಪುಸ್ತಕಗಳಲ್ಲಿ ಸಾಮಾನ್ಯವಾಗಿ 64 ಒಳಪುಟ ಇರುತ್ತಿದ್ದವು. ಅಮೆರಿಕ ಸರ್ಕಾರದ ಯುದ್ಧ ಉತ್ಪಾದನಾ ಮಂಡಳಿ ಕಾಗದದ ಬಳಕೆಗೆ ಕಡಿವಾಣ ಹಾಕಿದ ಮೇಲೆ ಯುದ್ಧ ಮುಗಿಯುವ ಹೊತ್ತಿಗೆ ಅನೇಕ ಪತ್ರಿಕೆಗಳು 48ಕ್ಕೆ ಇಳಿದಿದ್ದವು. ಬೆಲೆ ಮಾತ್ರ ಹತ್ತು ಸೆಂಟೇ. ಯುದ್ಧದ ಖರ್ಚಿಗೆ ಜನರಿಂದ ಸಾಲವಾಗಿ ಹಣ ಕೂಡಿಸಲು ಸರ್ಕಾರ ಮಾರುತ್ತಿದ್ದ ಉಳಿತಾಯದ ಅತಿ ಸಣ್ಣ ಸ್ಟ್ಯಾಂಪಿಗೂ ಹತ್ತೇ ಸೆಂಟು. ಕೈಯಲ್ಲಿದ್ದ ಒಂದು ನಾಣ್ಯಕ್ಕೆ ಲಿಂಡಾಳ ಸಾಹಸ ಕೊಳ್ಳುವುದೋ ಸ್ಟ್ಯಾಂಪು ಕೊಳ್ಳುವುದೋ ಎಂದು ಯೋಚಿಸಿದ ಮಕ್ಕಳು ಎಷ್ಟು ಮಂದಿಯೋ.

ಓದಿ ಮುಗಿದ ಪುಸ್ತಕ ಉಳಿಯುವುದೂ ಸುಲಭವಿರಲಿಲ್ಲ. ಆ ವರ್ಷಗಳಲ್ಲಿ ಮಕ್ಕಳು ಮನೆಮನೆ ತಿರುಗಿ ರದ್ದಿ ಕಾಗದ ಒಟ್ಟುಮಾಡುತ್ತಿದ್ದರು. ಅದರಿಂದ ಸೈನ್ಯಕ್ಕೆ ಸರಕು ಸಾಗಿಸುವ ಪೆಟ್ಟಿಗೆಗಳು ತಯಾರಾಗುತ್ತಿದ್ದವು. ಕಾಮಿಕ್ಸ್‌ಗಳ ರಾಶಿಗಳೇ ಹಾಗೆ ಹೋದವು. ಈ ಪ್ರತಿಯನ್ನು ಯಾರೋ ಕೊಡದೆ ಇಟ್ಟುಕೊಂಡಿದ್ದಾರೆ.

ಐದನೆಯ ಮತ್ತು ಆರನೆಯ ದಿನ ಸೆಲೋಟೇಪ್ ಒಂದೇ ಕೆಲಸ. ಪಾರದರ್ಶಕ ಅಂಟುಪಟ್ಟಿಯನ್ನು 3ಎಂ ಸಂಸ್ಥೆ ಮಾರಾಟಕ್ಕೆ ತಂದದ್ದು 1930ರಲ್ಲಿ, ಆಮೇಲೆ ಅದು ತಾಗದ ಪುಸ್ತಕವಿಲ್ಲ. ಹಳೆಯ ಟೇಪಿನ ರಬ್ಬರ್ ಅಂಟು ಮೊದಲು ಎಣ್ಣೆಯ ಹಾಗೆ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ಗಟ್ಟಿಯಾಗಿ ಕಂದಾಗುತ್ತದೆ. ಮೇಲಿನ ಪೊರೆ ಒಣಗಿದ್ದರಿಂದ ಸ್ವಲ್ಪ ಬೆಚ್ಚಗೆ ಮಾಡಿದ ಚಪ್ಪಟೆ ಕಡ್ಡಿಗೇ ಎದ್ದುಬಂತು. ಅಡಿಯಲ್ಲಿ ಉಳಿದ ಅಂಟನ್ನು ಕ್ರೇಪ್ ರಬ್ಬರಿನ ತುಂಡಿನಿಂದ ಒಂದೇ ದಿಕ್ಕಿಗೆ ಉರುಳಿಸಿ ತೆಗೆದೆ. ಎರಡು ದಿನ ಹಿಡಿಯಿತು. ಕಂದು ಕಲೆ ಉಳಿದಿದೆ. ಅದನ್ನು ಕರಗಿಸುವ ದ್ರಾವಕ ಪಕ್ಕದ ಛಾಪಿನ ಶಾಯಿಯನ್ನೂ ಅಲುಗಿಸುತ್ತದೆ. ಕಲೆಯ ಪಕ್ಕದಲ್ಲೇ ಲಿಂಡಾಳ ಮುಖವಿತ್ತು, ಕೈಬಿಟ್ಟೆ.

ಮುಖದ ಮಾತು ಬಂದದ್ದರಿಂದ ಹೇಳುತ್ತೇನೆ. ಭೂತಗನ್ನಡಿಯಲ್ಲಿ ನೋಡಿದರೆ ಅವಳ ಮೈಬಣ್ಣ ಎಂಬ ಬಣ್ಣವೇ ಇಲ್ಲ. ಹಳದಿಯ ಸಣ್ಣ ಚುಕ್ಕೆ, ಕೆಂಪಿನ ಸಣ್ಣ ಚುಕ್ಕೆ, ನಡುವೆ ಕಾಗದ. ಹಳದಿ, ಕೆಂಪು, ನೀಲಿ ಮೂರರಲ್ಲೂ ತೆಳು ಚುಕ್ಕೆ, ನಡುವಿನ ಚುಕ್ಕೆ, ಪೂರ್ತಿ ತುಂಬು ಇಷ್ಟೇ ಮಟ್ಟಗಳು, ಮೇಲೆ ಕಪ್ಪು ಗೆರೆ. ಓಡುವ ಯಂತ್ರದಲ್ಲಿ ಒಂದು ಬಣ್ಣದ ಅಚ್ಚು ಕೂದಲೆಳೆಯಷ್ಟು ಸರಿದರೂ ತುಟಿ ಕೆನ್ನೆಗೆ ಬರುತ್ತದೆ. ಈ ಪ್ರತಿಯಲ್ಲಿ ಕೆಂಪು ಎಡಕ್ಕೆ ಸರಿದಿದೆ. ಕಾಗದ ಕಂದಾದಾಗ ಚುಕ್ಕೆಗಳ ನಡುವಿನ ಜಾಗ ಕಂದಾಗಿ ಮುಖವೂ ಕಂದಾಗುತ್ತದೆ. ಕಾಗದವನ್ನು ಬಿಳುಪು ಮಾಡದೆ ಮುಖವನ್ನು ಬೆಳಗಿಸಲಾಗದು, ಬಿಳುಪು ಮಾಡಿದರೆ ನಾರು ಸಾಯುತ್ತದೆ. ಹಾಗಾಗಿ ಅವಳು ಈಗಿರುವ ಹಾಗೆಯೇ ಚೆನ್ನ.

ಏಳನೆಯ ದಿನ ಹರಕು ಕೂಡಿಸಲು ಕೂತೆ. ಗೋಧಿ ಪಿಷ್ಟದ ಗೋಂದು: ಅಂಟುಸತ್ವ (ಗ್ಲುಟೆನ್) ತೆಗೆದ ಪಿಷ್ಟ ಒಂದು ಪಾಲಿಗೆ ನೀರು ನಾಲ್ಕು ಪಾಲು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಬಿಡದೆ ಕಲಕಿ, ಆರಿದ ಮೇಲೆ ಸಣ್ಣ ಜರಡಿಯಲ್ಲಿ ಮೂರು ಸಲ ಸೋಸಿ, ಕೆನೆಯಷ್ಟು ತೆಳು ಮಾಡಿದ್ದು. ಅದನ್ನು ಹಚ್ಚಿ ಕೋಜೋ ಎಂಬ ಹಿಪ್ಪುನೇರಳೆ ಜಾತಿಯ ಗಿಡದ ನಾರಿನ ಜಪಾನಿ ಟಿಶ್ಯೂ ಪಟ್ಟಿಯನ್ನು ಮೊದಲ ಹರಕಿನ ಬೆನ್ನಿಗೆ ಇಟ್ಟೆ. ಹತ್ತು ನಿಮಿಷದಲ್ಲಿ ಪಟ್ಟಿಯ ಸುತ್ತ ಕಂದು ಗೆರೆಯೊಂದು ಮೂಡಿತು. ಗೋಂದಿನ ನೀರು ಕಾಗದದೊಳಗೆ ಸಾಗುತ್ತಾ ಹಳೆಯ ಕೊಳೆಯನ್ನು ಹೊತ್ತೊಯ್ದು ಒದ್ದೆ ಮುಗಿಯುವಲ್ಲಿ ಇಳಿಸಿತ್ತು. ಈ ಗೆರೆ ಹೋಗುವುದಿಲ್ಲ. ನ್ಯೂಸ್‌ಪ್ರಿಂಟ್‌ಗೆ ನೀರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದೆಂದು ನನಗೆ ಗೊತ್ತಿತ್ತು, ಆದರೂ ಗೋಂದನ್ನು ಬೇಕಾದದ್ದಕ್ಕಿಂತ ತೆಳು ಮಾಡಿದ್ದೆ.

ಉಳಿದ ಆರಕ್ಕೆ ದಾರಿ ಬದಲಿಸಿದೆ. ಅದೇ ಗೋಂದಿಗೆ ಮಿಥೈಲ್ ಸೆಲ್ಯುಲೋಸ್ ಎಂಬ ಇನ್ನೊಂದು ಮೆದು ಅಂಟನ್ನು ಬೆರೆಸಿ ಪಾಲಿಯೆಸ್ಟರ್ ಹಾಳೆಯ ಮೇಲೆ ತೆಳುವಾಗಿ ಹರಡಿ, ಮೇಲೆ ಟಿಶ್ಯೂ ಹಾಸಿ ರಾತ್ರಿಯೆಲ್ಲ ಒಣಗಲು ಬಿಟ್ಟೆ. ಬೆಳಗ್ಗೆ ಬಿಡಿಸಿದರೆ ಅಂಚೆಚೀಟಿಯ ಹಾಗೆ ಒಂದು ಮಗ್ಗುಲಿಗೆ ಒಣ ಅಂಟಿರುವ ಟಿಶ್ಯೂ ಸಿಗುತ್ತದೆ. ಹರಕಿನಷ್ಟು ಉದ್ದದ ಪಟ್ಟಿ ಹರಿದು (ಕತ್ತರಿ ಬೇಡ, ಹರಿದ ಅಂಚಿನ ನಾರುಗಳೇ ಹಿಡಿಯುವುದು), ಒದ್ದೆ ಸ್ಪಂಜಿನ ಮೇಲೆ ಹಾಸಿದ ಬ್ಲಾಟಿಂಗ್ ಪೇಪರಿಗೆ ಅಂಟಿನ ಮಗ್ಗುಲನ್ನು ಒಮ್ಮೆ ಮುಟ್ಟಿಸಿ, ಹರಕಿನ ಮೇಲಿಟ್ಟು ಬೆರಳಲ್ಲಿ ಒತ್ತುವುದು. ಮೇಲೆ ಅಂಟದ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ಒಣ ಬ್ಲಾಟಿಂಗ್ ಪೇಪರ್, ಮೇಲೆ ತೂಕ. ಗೆರೆ ಬರಲಿಲ್ಲ. ಬೆನ್ನಿನ ಸೀಳಿಗೂ ಇದನ್ನೇ, ಮಡಿಕೆಯ ಒಳಗಿನಿಂದ ಹಾಕಿದೆ. ಈ ಅಂಟಿನ ಹಿಡಿತ ಕಾಗದಕ್ಕಿಂತ ಕಡಿಮೆಯೇ ಇರಬೇಕು. ನಾಳೆ ಎಳೆತ ಬಿದ್ದರೆ ನನ್ನ ಪಟ್ಟಿ ಬಿಡಲಿ, ಮೂಲ ಕಾಗದ ಹರಿಯದಿರಲಿ.

ಹತ್ತನೆಯ ದಿನ ಗೆಳೆಯ ಫೋನ್ ಮಾಡಿದ. ಕೂಪನ್ ತೂತಿನ ವಿಚಾರ. ಇದೇ ಸಂಚಿಕೆಯ ಬೇರೆ ಪ್ರತಿಯ ಸ್ಕ್ಯಾನ್ ಅವನ ಬಳಿಯಿತ್ತು.

“ಆ ಚೌಕ ಪ್ರಿಂಟ್ ಹಾಕಿ ಅಂಟಿಸಿಬಿಡು ಮಾರಾಯ. ನಮ್ಮಿಬ್ಬರನ್ನ ಬಿಟ್ರೆ ಯಾರಿಗೆ ಗೊತ್ತಾಗುತ್ತೆ?”

“ಮುಖಪುಟದ ಮೂಲೆ ಅಂಟಿಸಿದವರೂ ಹೀಗೇ ಅಂದುಕೊಂಡಿರ್ತಾರೆ ಕಣೋ. ಟಾರ್ಚ್ ಹಾಕೋವರೆಗೆ ನಂಗೂ ಗೊತ್ತಾಗಲಿಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಕಥೆ ಓದೋದು ಹೇಗೆ?” ಎಂದ. ಅದು ನ್ಯಾಯವಾದ ಪ್ರಶ್ನೆ. ಆ ಚೌಕವಿಲ್ಲದೆ ಲಿಂಡಾ ಆ ಕೋಣೆಯಿಂದ ಹೇಗೆ ಹೊರಬಂದಳೆಂದು ತಿಳಿಯುವುದಿಲ್ಲ. ಇಡೀ ಪುಟದ ನಕಲನ್ನು ಬೇರೆ ಹಾಳೆಯಲ್ಲಿ ಮುದ್ರಿಸಿ, ಪಕ್ಕದಲ್ಲಿ ‘ನಕಲು’ ಎಂದು ಬರೆದು, ಪುಸ್ತಕದ ಜೊತೆ ಇಡುವುದೆಂದು ಮಾತಾಯಿತು. ತೂತನ್ನು ಬರೀ ಖಾಲಿ ಕಾಗದದಿಂದ ತುಂಬುವುದು, ಹಾಳೆ ಆ ಜಾಗದಲ್ಲಿ ಮಡಚಿ ಮುರಿಯದಿರಲಿ ಎಂದು ಮಾತ್ರ.

ಖಾಲಿ ಕಾಗದ ಅಂದರೂ ಕೆಲಸ ಸುಲಭವಿರಲಿಲ್ಲ. ಬಿಳಿ ಚೌಕ ಇಟ್ಟರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಪುಟದ ಬಣ್ಣಕ್ಕೆ ಹತ್ತಿರವಿರಬೇಕು, ಆದರೆ ಒಂದು ಅಡಿ ದೂರದಿಂದ ಕಂಡುಹಿಡಿಯುವ ಹಾಗೂ ಇರಬೇಕು. ದಪ್ಪದ ಕೋಜೋ ಕಾಗದಕ್ಕೆ ತುಂಬ ತೆಳುಮಾಡಿದ ಅಕ್ರಿಲಿಕ್ ಬಣ್ಣ ಹಚ್ಚಿ ಒಣಗಿಸಿದೆ. ಮೊದಲ ಸಲ ಹಳದಿ ಜಾಸ್ತಿ, ಎರಡನೆಯ ಸಲ ಮಣ್ಣಿನ ಹಾಗೆ ಮಂಕು. ಆಮೇಲೆ ಹೊಳೆಯಿತು: ತೂತು ಹೊರ ಅಂಚಿನ ಹತ್ತಿರವಿದೆ, ಅಲ್ಲಿ ಪುಟದ ಬಣ್ಣವೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗುತ್ತದೆ. ಮೂರನೆಯ ಕಾಗದಕ್ಕೆ ಒಂದು ಬದಿಯಿಂದ ಕಂದು, ಇನ್ನೊಂದು ಬದಿಯಿಂದ ಕೆನೆಬಣ್ಣ ಹಚ್ಚಿ ನಡುವೆ ಒದ್ದೆ ಕುಂಚದಿಂದ ಬೆರೆಸಿದೆ. ಅದು ಕೂತಿತು. ಪುಟದ ನಾರಿನ ದಿಕ್ಕಿಗೇ ಇದರ ನಾರೂ ಬರುವಂತೆ ತಿರುಗಿಸಿಟ್ಟೆ. ಇಲ್ಲದಿದ್ದರೆ ಗಾಳಿಯ ತೇವ ಏರಿಳಿದಾಗ ಎರಡೂ ಎರಡು ಕಡೆಗೆ ಎಳೆದು ಸೊಟ್ಟಗಾಗುತ್ತವೆ. ಬೆಳಕಿನ ಮೇಜಿನ ಮೇಲೆ ತೂತಿನ ಆಕಾರವನ್ನು ಸೂಜಿಯಿಂದ ಚುಚ್ಚಿ, ಸುತ್ತ ಒಂದೂವರೆ ಮಿಲಿಮೀಟರ್ ಬಿಟ್ಟು ಬಿಡಿಸಿದೆ.

ಅಂಟಿಸುವ ಮೊದಲು ಜಾಹೀರಾತಿನ ಕಡೆಯನ್ನು ಇನ್ನೊಮ್ಮೆ ಭೂತಗನ್ನಡಿಯಲ್ಲಿ ನೋಡಿದೆ. ಕತ್ತರಿಸಿದ ಅಂಚಿಗೆ ತಾಗಿಕೊಂಡು ಪೆನ್ಸಿಲಿನ ಒಂದು ಬಾಗಿದ ಗೆರೆ. ಇಂಗ್ಲಿಷ್ ‘ವೈ’ ಅಕ್ಷರದ ಬಾಲ. ಆ ಮಗು ಮೊದಲು ಹೆಸರು ಬರೆದು, ಆಮೇಲೆ ಕತ್ತರಿಸಿದೆ. ಹೆಸರು ಕೂಪನ್ನಿನ ಗೆರೆ ದಾಟಿ ಕೆಳಗಿಳಿದಿದೆ. ಹತ್ತು ದಿನ ಈ ಹಾಳೆಯನ್ನು ಕೈಯಲ್ಲಿ ಹಿಡಿದಿದ್ದರೂ ನಾನು ಇದನ್ನು ಕಂಡಿರಲಿಲ್ಲ. ತೇಪೆಯ ಅಂಚು ಸರಿಯಾಗಿ ಅದರ ಮೇಲೆಯೇ ಬರುತ್ತಿತ್ತು. ಆ ಜಾಗದಲ್ಲಿ ತೇಪೆಯ ಅಂಚನ್ನು ಕಥೆಯ ಮಗ್ಗುಲಿನಿಂದ ಕೂಡಿಸಿ, ಇತ್ತ ಗೆರೆ ಬಯಲಿಗೇ ಉಳಿಯುವಂತೆ ಮಾಡಿದೆ. ಕಥೆಯ ಮಗ್ಗುಲಿನಲ್ಲಿ ಈಗ ಒಂದೂವರೆ ಮಿಲಿಮೀಟರಿನ ಪಟ್ಟಿ ಬರೀ ಅಂಚಿನ ಖಾಲಿ ಜಾಗವನ್ನು ಮುಚ್ಚಿದೆ, ಚಿತ್ರವನ್ನಲ್ಲ.

ಹನ್ನೆರಡನೆಯ ದಿನ ಮುಖಪುಟದ ಸುಳ್ಳು ಮೂಲೆ. ಮಿಥೈಲ್ ಸೆಲ್ಯುಲೋಸಿನ ಗಟ್ಟಿ ಲೇಪ ಹಚ್ಚಿ ಕೆಲ ನಿಮಿಷ ಬಿಟ್ಟು ನೋಡಿದೆ. ಅಂಟು ಮೆತ್ತಗಾಗಿ ತ್ರಿಕೋನ ಹಾಗೆಯೇ ಎದ್ದಿತು. ಅಡಿಯಲ್ಲಿ ಮೂಲ ಮುಖಪುಟ ಅರ್ಧ ಸೆಂಟಿಮೀಟರ್ ಹಾಗೆಯೇ ಇತ್ತು, ತನ್ನದೇ ಕೆಂಪಿನೊಂದಿಗೆ. ಸ್ಕೆಚ್ ಪೆನ್ನಿನ ಬಣ್ಣ ಅದರ ಅಂಚಿಗೆ ಇಳಿದದ್ದು ಹೋಗುವುದಿಲ್ಲ. ಮೂಲೆ ಈಗ ಮೊಂಡಾಗಿದೆ. ತೆಗೆದ ತ್ರಿಕೋನವೂ ಪೊಟ್ಟಣ ಸೇರಿತು.

ಜೋಡಣೆ ಅರ್ಧ ದಿನದ ಕೆಲಸ. ತುಕ್ಕು ಹಿಡಿದ ಉಕ್ಕನ್ನು ಮತ್ತೆ ಈ ಕಾಗದಕ್ಕೆ ಚುಚ್ಚಲು ಮನಸ್ಸಾಗಲಿಲ್ಲ. ಪಿನ್ನಿನ ಹಳೆಯ ತೂತುಗಳಲ್ಲೇ ಲಿನನ್ ದಾರ ಪೋಣಿಸಿ, ನಡುಪುಟದ ಒಳಗೆ ಸಡಿಲವಾಗಿ ಗಂಟು ಹಾಕಿದೆ. ಹೊಸ ತೂತು ಒಂದೂ ಇಲ್ಲ. ಬೆನ್ನ ಹಿಂದೆ ನಿಲ್ಲಿಸುವ ರಟ್ಟಿನ ತುಂಡಿಗೆ ಆಮ್ಲ ಪರೀಕ್ಷೆಯ ಪೆನ್ನು ಎಳೆದು ನೋಡಿದೆ, ಗೆರೆ ನೇರಳೆಗೆ ತಿರುಗಿತು, ಅಂದರೆ ಆಮ್ಲವಿಲ್ಲ. ಕಾಮಿಕ್ಸ್ ಮೇಲೆ ಆ ಪೆನ್ನನ್ನು ಯಾರೂ ಎಳೆಯಬಾರದು, ಗೆರೆ ಉಳಿದುಬಿಡುತ್ತದೆ. ಪಾಲಿಯೆಸ್ಟರ್ ಹೊದಿಕೆ, ಕತ್ತಲ ಪೆಟ್ಟಿಗೆ, ತಂಪಾದ ಒಣ ಜಾಗ.

ಹೊದಿಕೆಗೆ ಹಾಕುವ ಮುಂಚೆ ಒಮ್ಮೆ ಮೊದಲಿಂದ ಕೊನೆಯವರೆಗೆ ಓದಿದೆ. ಖಾಲಿ ಚೌಕ ಬಂದಾಗ ಪಕ್ಕದ ನಕಲು ಹಾಳೆ ತೆಗೆದು ಅವಳು ತಪ್ಪಿಸಿಕೊಳ್ಳುವುದನ್ನು ನೋಡಿ, ಮತ್ತೆ ಮೂಲಕ್ಕೆ ಬಂದೆ. ಆಮೇಲೆ ಗೆಳೆಯನಿಗಾಗಿ ದಾಖಲೆಯ ಚೀಟಿ ಪೆನ್ಸಿಲಿನಲ್ಲಿ ಬರೆದೆ: ಏಳು ಹರಕು, ಬೆನ್ನಿನ ಒಂದು ಸೀಳು, ಪಿನ್ನಿಗೆ ಬದಲು ದಾರ, ನಾನು ಮಾಡಿದ ಒಂದು ಗೀರು ಮತ್ತು ಒಂದು ನೀರಿನ ಗೆರೆ, ತೆಗೆದ ಒಂದು ಸುಳ್ಳು ಮೂಲೆ, ತುಂಬಿದ ಒಂದು ತೂತು. ಬಣ್ಣ ಎಲ್ಲೂ ತಿದ್ದಿಲ್ಲ. ಜಾಹೀರಾತಿನ ಪುಟದ ಪೆನ್ಸಿಲ್ ಗೆರೆ ಹಾಗೆಯೇ ಇದೆ, ದಯವಿಟ್ಟು ಅಳಿಸಬೇಡಿ.